ಗ್ರೀಸಿನ ದೇಗುಲಗಳೂ ಛಾಯಾಗ್ರಹಣವೂ

ನಾನು ಪ್ರೌಢಶಾಲೆಯ ವಿದ್ಯಾರ್ಥಿಯಾಗಿದ್ದ ಕಾಲದ ಚರಿತ್ರೆಯ ಪುಸ್ತಕದಲ್ಲಿ, ಪ್ರಾಚೀನ ಗ್ರೀಸನ್ನು ಕುರಿತ ಪಾಠದ ನಡುವೆ, ಅಂಚೆಚೀಟಿಗಿಂತ ತುಸು ದೊಡ್ಡದಾದ ಒಂದು ಚಿತ್ರವಿತ್ತು. ಅದರ ಕೆಳಗೆ ‘ಪಾರ್ಥೆನಾನ್, ಅಥೆನ್ಸ್’ ಎಂದಷ್ಟೇ ಅಚ್ಚಾಗಿತ್ತು. ಮಾಸಲು ಕಾಗದದ ಮೇಲೆ ಮಸಿ ಹರಡಿ ಕಂಬಗಳು ಒಂದಕ್ಕೊಂದು ಅಂಟಿಕೊಂಡಂತೆ ತೋರುತ್ತಿದ್ದವು. ಆ ಚಿತ್ರವನ್ನು ನೋಡಿ ನೋಡಿ ನಾನು ಕೆಲವು ಸಂಗತಿಗಳನ್ನು ದೃಢವಾಗಿ ನಂಬಿದ್ದೆ. ಆ ದೇಗುಲ ಆದಿಯಿಂದಲೂ ಹಾಲಿನಂತೆ ಬೆಳ್ಳಗಿತ್ತು. ಅದರ ಗೆರೆಗಳೆಲ್ಲ ನೂಲು ಹಿಡಿದಂತೆ ನೇರವಾಗಿದ್ದವು. ಎರಡು ಸಾವಿರದ ನಾನೂರು ವರ್ಷಗಳ ಮಳೆ ಬಿಸಿಲುಗಳಿಗೆ ಮೆಲ್ಲಮೆಲ್ಲನೆ ಸವೆದು ಅದು ಈಗಿನ ಸ್ಥಿತಿಗೆ ಬಂದಿತ್ತು. ಇವುಗಳಲ್ಲಿ ಯಾವುದೂ ನಿಜವಲ್ಲವೆಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು. ಚಿತ್ರ ಸುಳ್ಳು ಹೇಳಿರಲಿಲ್ಲ. ಅದನ್ನು ಯಾವಾಗ ತೆಗೆದರು, ಎಲ್ಲಿ ನಿಂತು ತೆಗೆದರು, ಏನನ್ನು ಚೌಕಟ್ಟಿನ ಹೊರಗೆ ಬಿಟ್ಟರು ಎಂಬುದನ್ನು ನಾನು ಕೇಳಿಯೇ ಇರಲಿಲ್ಲ.

ಗ್ರೀಸಿನ ದೇಗುಲಗಳನ್ನು ಕಣ್ಣಾರೆ ಕಂಡವರಿಗಿಂತ ಚಿತ್ರದಲ್ಲಿ ಕಂಡವರೇ ಲೋಕದಲ್ಲಿ ಹೆಚ್ಚು. ಛಾಯಾಗ್ರಹಣವು ಲೋಕಕ್ಕೆ ಪರಿಚಯವಾದ ವರ್ಷದಲ್ಲಿಯೇ ಅಥೆನ್ಸನ್ನು ತಲುಪಿತೆಂಬುದು ಸೋಜಿಗದ ಸಂಗತಿ. 1839ರ ಆಗಸ್ಟ್ 19ರಂದು ಪ್ಯಾರಿಸ್ ನಗರದಲ್ಲಿ ದಾಗೇರ್ ಎಂಬಾತನ ವಿಧಾನವನ್ನು ಬಹಿರಂಗಪಡಿಸಲಾಯಿತು. ಅದು ಸುಲಭವಾದ ಕೆಲಸವಾಗಿರಲಿಲ್ಲ. ತಾಮ್ರದ ತಗಡಿಗೆ ಬೆಳ್ಳಿಯ ಲೇಪ ಕೊಟ್ಟು ಕನ್ನಡಿಯಂತೆ ಉಜ್ಜಬೇಕು. ಅದಕ್ಕೆ ಅಯೋಡಿನ್ನಿನ ಹಬೆ ಹಿಡಿಸಬೇಕು. ಕ್ಯಾಮೆರಾದೊಳಗಿಟ್ಟು ಹಲವು ನಿಮಿಷಗಳ ಕಾಲ ಬೆಳಕಿಗೆ ಒಡ್ಡಬೇಕು. ಬಳಿಕ ಪಾದರಸದ ಹಬೆಯಲ್ಲಿ ಹಿಡಿದು ಚಿತ್ರವನ್ನು ಮೂಡಿಸಿ, ಅದು ಅಳಿಯದಂತೆ ಲವಣದ ದ್ರಾವಣದಲ್ಲಿ ತೊಳೆಯಬೇಕು. ಒಂದು ತಗಡಿಗೆ ಒಂದೇ ಚಿತ್ರ. ಅದರಿಂದ ಪ್ರತಿ ತೆಗೆಯುವಂತಿರಲಿಲ್ಲ. ಸಾಮಾನ್ಯವಾಗಿ ಆ ಚಿತ್ರದಲ್ಲಿ, ಕನ್ನಡಿಯಲ್ಲಿ ಕಾಣುವಂತೆ, ಎಡವು ಬಲವಾಗಿಯೂ ಬಲವು ಎಡವಾಗಿಯೂ ಮೂಡುತ್ತಿತ್ತು. ಅಷ್ಟು ದೀರ್ಘಕಾಲ ಅಲುಗದೆ ನಿಲ್ಲುವ ವಸ್ತುಗಳು ಮಾತ್ರ ಸ್ಪಷ್ಟವಾಗಿ ಉಳಿಯುತ್ತಿದ್ದವು. ನಡೆದಾಡುವ ಮನುಷ್ಯರು ಗುರುತೇ ಇಲ್ಲದೆ ಮಾಯವಾಗುತ್ತಿದ್ದರು. ಕಲ್ಲಿನ ಕಂಬಗಳಿಗಿಂತ ತಾಳ್ಮೆಯುಳ್ಳವರು ಬೇರೆ ಯಾರಿದ್ದಾರೆ? ಪ್ರಾಚೀನ ಕಟ್ಟಡಗಳು ಮೊದಮೊದಲ ಛಾಯಾಗ್ರಾಹಕರಿಗೆ ಪ್ರಿಯವಾಗಲು ಇದೂ ಒಂದು ಕಾರಣ.

ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ್ದ ಜೋಲಿ ದ ಲೋಟ್‌ಬಿನಿಯೇರ್ ಎಂಬಾತ ಆಗ ಪ್ಯಾರಿಸ್ಸಿನಲ್ಲಿದ್ದ. ಪೂರ್ವದೇಶಗಳ ಪ್ರವಾಸಕ್ಕೆ ಹೊರಟಿದ್ದ ಅವನು ಈ ಹೊಸ ಸಲಕರಣೆಯನ್ನೂ ಕಟ್ಟಿಕೊಂಡು ಅದೇ ವರ್ಷದ ಅಕ್ಟೋಬರ್ ತಿಂಗಳಿನಲ್ಲಿ ಅಥೆನ್ಸಿನ ಅಕ್ರೋಪೊಲಿಸ್ ಎಂಬ ಬಂಡೆಗುಡ್ಡವನ್ನು ಹತ್ತಿದ. ಅವನು ತೆಗೆದ ಮೂಲ ತಗಡುಗಳು ಇಂದು ಉಳಿದಿಲ್ಲ. ಅವುಗಳನ್ನು ನೋಡಿ ಕೆತ್ತನೆಗಾರರು ಸಿದ್ಧಪಡಿಸಿದ ಅಚ್ಚಿನ ಚಿತ್ರಗಳು ಮಾತ್ರ ಪುಸ್ತಕವೊಂದರಲ್ಲಿ ಉಳಿದುಬಂದಿವೆ. ಪಾರ್ಥೆನಾನಿನ ಆ ಚಿತ್ರವನ್ನು ನೋಡಿದವರಿಗೆ ಒಂದು ಅಚ್ಚರಿ ಕಾದಿದೆ. ಮುರಿದ ಕಂಬಸಾಲುಗಳ ನಡುವೆ, ದೇಗುಲದ ಒಡಲಿನಲ್ಲಿಯೇ, ಒಂದು ಸಣ್ಣ ಮಸೀದಿ ನಿಂತಿದೆ.

ಇದು ಅರ್ಥವಾಗಬೇಕಾದರೆ ಆ ಕಟ್ಟಡದ ಬಾಳನ್ನು ಸಂಕ್ಷೇಪವಾಗಿ ತಿಳಿಯಬೇಕು. ಕ್ರಿ.ಪೂ. 447ರಲ್ಲಿ ಆರಂಭವಾಗಿ ಕ್ರಿ.ಪೂ. 432ರಲ್ಲಿ ಶಿಲ್ಪಗಳೊಡನೆ ಪೂರ್ಣಗೊಂಡ ಪಾರ್ಥೆನಾನ್ ಅಥೀನಾ ದೇವಿಯ ಆಲಯ. ಇಕ್ಟಿನೋಸ್ ಮತ್ತು ಕಲ್ಲಿಕ್ರಟೀಸ್ ಅದರ ವಾಸ್ತುಶಿಲ್ಪಿಗಳು. ಶಿಲ್ಪಕಾರ್ಯದ ಮೇಲ್ವಿಚಾರಣೆ ಫಿಡಿಯಾಸನದು. ಮುಂದೆ ಅದು ಕ್ರೈಸ್ತರ ಇಗರ್ಜಿಯಾಯಿತು. ತುರ್ಕರ ಆಳ್ವಿಕೆಯಲ್ಲಿ ಮಸೀದಿಯಾಯಿತು. ಇಷ್ಟಾದರೂ ಅದರ ಮೈಕಟ್ಟು ಬಹುಮಟ್ಟಿಗೆ ಗಟ್ಟಿಯಾಗಿಯೇ ಇತ್ತು. 1687ರಲ್ಲಿ ವೆನಿಸ್ಸಿನ ಸೇನೆ ಅಥೆನ್ಸನ್ನು ಮುತ್ತಿದಾಗ ತುರ್ಕರು ಕೋವಿಮದ್ದನ್ನು ಅದರೊಳಗೆ ಕೂಡಿಟ್ಟಿದ್ದರು. ಸೆಪ್ಟೆಂಬರ್ 26ರಂದು ಫಿರಂಗಿಯ ಗುಂಡೊಂದು ಅಲ್ಲಿಗೆ ಬಿದ್ದು ಮದ್ದು ಸಿಡಿಯಿತು. ಎರಡು ಸಾವಿರ ವರ್ಷಗಳಿಗೂ ಮೀರಿ ನಿಂತಿದ್ದ ಕಟ್ಟಡದ ನಡುಭಾಗ ಕ್ಷಣಮಾತ್ರದಲ್ಲಿ ಹಾರಿಹೋಯಿತು. ಆ ಹಾಳಿನೊಳಗೆ ತುರ್ಕರು ಬಳಿಕ ಕಟ್ಟಿಕೊಂಡ ಕಿರಿಯ ಮಸೀದಿಯೇ 1839ರ ಚಿತ್ರದಲ್ಲಿ ಕಾಣುವುದು. ಕೆಲವೇ ವರ್ಷಗಳಲ್ಲಿ ಅದನ್ನೂ ಕೆಡವಿದರು. ಒಂದೆರಡು ದಶಕ ತಡವಾಗಿ ಕ್ಯಾಮೆರಾ ಅಲ್ಲಿಗೆ ಬಂದಿದ್ದರೆ ಆ ಮಸೀದಿಯ ಛಾಯಾಚಿತ್ರವೇ ನಮಗೆ ದೊರೆಯುತ್ತಿರಲಿಲ್ಲ.

ಇಂಥದೇ ಇನ್ನೊಂದು ನಿದರ್ಶನವಿದೆ. 1842ರಲ್ಲಿ ಜಿರೋ ದ ಪ್ರಾಂಜೆ ಎಂಬ ಫ್ರೆಂಚ್ ಪ್ರವಾಸಿ ಅಥೆನ್ಸಿಗೆ ಬಂದ. ಅವನ ಮೂರು ವರ್ಷಗಳ ಯಾತ್ರೆಯಲ್ಲಿ ತೆಗೆದ ಚಿತ್ರಗಳು ಎಂಟುನೂರಕ್ಕೂ ಹೆಚ್ಚು. ಆ ದಿನಗಳಲ್ಲಿ ಅಷ್ಟು ತಗಡುಗಳನ್ನು ಹೇಸರಗತ್ತೆಯ ಬೆನ್ನಿನ ಮೇಲೂ ಹಡಗಿನಲ್ಲೂ ಒಡೆಯದಂತೆ, ಗೀಚದಂತೆ ಊರಿಗೆ ತಲುಪಿಸುವುದೇ ಸಾಹಸ. ಅವನು ಅಥೆನ್ಸಿನ ಒಲಿಂಪಿಯನ್ ಸ್ಯೂಸ್ ದೇವನ ಆಲಯವನ್ನೂ ಚಿತ್ರಿಸಿದ. ಒಂದು ಕಾಲಕ್ಕೆ 104 ಕಂಬಗಳಿದ್ದ ಆ ಭಾರಿ ಆಲಯದಲ್ಲಿ ಅಂದು ನಿಂತಿದ್ದವು 16. ಹತ್ತು ವರ್ಷಗಳ ತರುವಾಯ, 1852ರಲ್ಲಿ, ಬಿರುಗಾಳಿಗೆ ಒಂದು ಕಂಬ ಉರುಳಿತು. ಅದರ ದುಂಡು ಕಲ್ಲುಗಳು ಒಂದರ ಮೇಲೊಂದು ಒರಗಿ ಜಾರಿದ ರೊಟ್ಟಿಗಳ ಅಟ್ಟಿಯಂತೆ ಇಂದಿಗೂ ಹಾಗೆಯೇ ಬಿದ್ದಿವೆ. ಇಂದು ಅಲ್ಲಿಗೆ ಹೋಗುವವರು 15 ಕಂಬಗಳನ್ನು ಎಣಿಸುತ್ತಾರೆ.

ಎಲ್ಲವೂ ಗಾಳಿಯಿಂದಲೇ ಬೀಳಲಿಲ್ಲ. ಅಕ್ರೋಪೊಲಿಸ್ಸಿನ ಹಳೆಯ ಛಾಯಾಚಿತ್ರಗಳಲ್ಲಿ ಮಹಾದ್ವಾರದ ಪಕ್ಕದಲ್ಲಿ ಚೌಕಾಕಾರದ ಎತ್ತರವಾದ ಗೋಪುರವೊಂದು ಕಾಣುತ್ತದೆ. ಮಧ್ಯಯುಗದಲ್ಲಿ ಅಥೆನ್ಸನ್ನು ಆಳಿದ ಪಶ್ಚಿಮ ಯೂರೋಪಿನ ದೊರೆಗಳ ಕಾಲದ್ದೆಂದು ಅದನ್ನು ಹೇಳುತ್ತಾರೆ. ಗ್ರೀಕರು ಸ್ವಾತಂತ್ರ್ಯ ಪಡೆದ ಮೇಲೆ, ತಮ್ಮ ಪ್ರಾಚೀನ ವೈಭವದ ಕಾಲಕ್ಕೆ ಸೇರದುದೆಲ್ಲವನ್ನೂ ಗುಡ್ಡದ ಮೇಲಿಂದ ತೆಗೆದುಹಾಕುವ ಹಂಬಲ ಬಲವಾಯಿತು. ಟ್ರಾಯ್ ನಗರವನ್ನು ಅಗೆದು ತೆಗೆದ ಶ್ಲೀಮನ್ ಕೊಟ್ಟ ಹಣದಿಂದ 1875ರಲ್ಲಿ ಆ ಗೋಪುರವನ್ನು ಕೆಡವಲಾಯಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ವಿದ್ವಾಂಸರದು. ನನಗಂತೂ ಆ ಗೋಪುರದ ಬಗ್ಗೆ ಮರುಕವಿದೆ. ನಾನೂರು ವರ್ಷಗಳಿಗೂ ಹೆಚ್ಚು ಕಾಲ ಒಂದು ಊರಿನ ಆಕಾಶದಲ್ಲಿ ನಿಂತಿದ್ದುದಕ್ಕೆ ಅಲ್ಲಿ ಇರಲು ಸ್ವಲ್ಪವಾದರೂ ಹಕ್ಕಿಲ್ಲವೆ? ಅದೇನೇ ಇರಲಿ, ಆ ಗೋಪುರವಿರುವ ಛಾಯಾಚಿತ್ರ 1875ಕ್ಕಿಂತ ಹಿಂದಿನದೆಂದು ಯಾರು ಬೇಕಾದರೂ ಹೇಳಬಹುದು.

ಇನ್ನು ಹಳೆಯ ಛಾಯಾಗ್ರಾಹಕರಲ್ಲಿ ನನಗೆ ಎಲ್ಲರಿಗಿಂತ ಪ್ರಿಯನಾದವನು ವಿಲಿಯಂ ಜೇಮ್ಸ್ ಸ್ಟಿಲ್‌ಮನ್. ಅವನು ಅಮೆರಿಕದವನು, ಮೊದಲು ನಿಸರ್ಗಚಿತ್ರಗಳನ್ನು ಬರೆಯುತ್ತಿದ್ದ ಕಲಾವಿದ, ಬಳಿಕ ಕ್ರೀಟ್ ದ್ವೀಪದಲ್ಲಿ ತನ್ನ ದೇಶದ ಕಾನ್ಸಲ್ ಆಗಿದ್ದವನು. 1869ರಲ್ಲಿ ಅಕ್ರೋಪೊಲಿಸ್ಸಿನ ಚಿತ್ರಗಳನ್ನು ತೆಗೆದು ಮರುವರ್ಷ ಅವುಗಳ ಒಂದು ಸಂಪುಟವನ್ನು ಪ್ರಕಟಿಸಿದ. ಅಷ್ಟು ಹೊತ್ತಿಗೆ ತಗಡಿನ ಕಾಲ ಮುಗಿದು ಗಾಜಿನ ಫಲಕಗಳ ಕಾಲ ಬಂದಿತ್ತು. ಒಂದು ಫಲಕದಿಂದ ಬೇಕಾದಷ್ಟು ಪ್ರತಿಗಳನ್ನು ತೆಗೆಯಬಹುದಾಗಿತ್ತು. ಉಳಿದವರು ದೇಗುಲದ ಎದುರಿಗೆ ನಿಂತು ಇಡೀ ಮುಖವನ್ನು ಹಿಡಿದರೆ, ಸ್ಟಿಲ್‌ಮನ್ ಒಂದು ಚಿತ್ರಕ್ಕಾಗಿ ಪೂರ್ವದಿಕ್ಕಿನ ಜಗತಿಯ ಮೂಲೆಗೆ ಹೋಗಿ ಕ್ಯಾಮೆರಾವನ್ನು ತಗ್ಗಿನಲ್ಲಿಟ್ಟು, ಮೆಟ್ಟಿಲಿನ ಅಂಚಿನುದ್ದಕ್ಕೂ ನೋಡಿದ. ಜಗತಿಯ ಬಾಗನ್ನು ತೋರಿಸುವ ಚಿತ್ರವೆಂದು ಅದಕ್ಕೆ ಶೀರ್ಷಿಕೆಯನ್ನೂ ಕೊಟ್ಟ.

ಈ ಬಾಗು ಏನೆಂಬುದನ್ನು ಸ್ವಲ್ಪ ವಿವರಿಸಬೇಕು. ಪಾರ್ಥೆನಾನಿನ ಕಂಬಗಳು ನಿಂತಿರುವ ಜಗತಿಯ ಅಗಲ ಸುಮಾರು 31 ಮೀಟರ್, ಉದ್ದ ಸುಮಾರು 69.5 ಮೀಟರ್. ನೋಡುವವರಿಗೆ ಅದು ಸಮತಟ್ಟಾಗಿ ತೋರುತ್ತದೆ. ವಾಸ್ತವವಾಗಿ ಅದು ನಡುವಿನಲ್ಲಿ ಉಬ್ಬಿದೆ. ಅಗಲದ ಬದಿಗಳಲ್ಲಿ ಸುಮಾರು 6 ಸೆಂಟಿಮೀಟರ್, ಉದ್ದದ ಬದಿಗಳಲ್ಲಿ ಸುಮಾರು 11 ಸೆಂಟಿಮೀಟರ್. ಇದು ನೆಲ ಕುಸಿದು ಆದುದಲ್ಲ. ಶಿಲ್ಪಿಗಳು ಬೇಕೆಂದೇ ಮಾಡಿದ್ದು. ಕಂಬಗಳೂ ನೆಟ್ಟಗೆ ನಿಂತಿಲ್ಲ, ತುಸುವೇ ಒಳಕ್ಕೆ ವಾಲಿವೆ. ಅವುಗಳನ್ನು ಮೇಲಕ್ಕೆ ಬೆಳೆಸುತ್ತ ಹೋದರೆ ಎರಡು ಕಿಲೋಮೀಟರಿಗೂ ಹೆಚ್ಚಿನ ಎತ್ತರದಲ್ಲಿ ಒಂದನ್ನೊಂದು ಸಂಧಿಸುತ್ತವೆಂದು ಲೆಕ್ಕ ಹಾಕಿದ್ದಾರೆ. ಮೂಲೆಯ ಕಂಬಗಳು ಉಳಿದವುಗಳಿಗಿಂತ ಸ್ವಲ್ಪ ದಪ್ಪ. ಜಗತಿಯನ್ನು ಸಮತಟ್ಟಾಗಿ ಕಟ್ಟಿದರೆ ಅದು ನಡುವೆ ತಗ್ಗಿದಂತೆ ಕಾಣುತ್ತದೆ ಎಂದು ರೋಮಿನ ವಾಸ್ತುಗ್ರಂಥಕಾರ ವಿಟ್ರೂವಿಯಸ್ ಕಾರಣ ಕೊಟ್ಟಿದ್ದಾನೆ. ಮಳೆನೀರು ಹರಿದುಹೋಗಲಿ ಎಂಬ ಉದ್ದೇಶವೂ ಇದ್ದಿರಬಹುದು. ಪೆನ್‌ರೋಸ್ ಎಂಬ ಆಂಗ್ಲ ವಾಸ್ತುತಜ್ಞ ಇವುಗಳನ್ನೆಲ್ಲ ಸೂಕ್ಷ್ಮವಾಗಿ ಅಳೆದು 1851ರಲ್ಲಿ ಪ್ರಕಟಿಸಿದ. ಅಂಕಿಗಳಲ್ಲಿ ಇದ್ದುದನ್ನು ಕಣ್ಣಿಗೆ ಕಾಣಿಸಿದ ಕೀರ್ತಿ ಸ್ಟಿಲ್‌ಮನ್ನನ ಚಿತ್ರದ್ದು.

ಅಲ್ಲಿಗೆ ಹೋದವರು ಒಂದು ಪ್ರಯೋಗ ಮಾಡುವುದುಂಟು. ಮೆಟ್ಟಿಲಿನ ಒಂದು ತುದಿಯಲ್ಲಿ ಟೋಪಿಯನ್ನಿಟ್ಟು, ಇನ್ನೊಂದು ತುದಿಯಲ್ಲಿ ಕಣ್ಣನ್ನು ಕಲ್ಲಿನ ಮಟ್ಟಕ್ಕೆ ತಂದು ನೋಡಿದರೆ ಟೋಪಿ ಕಾಣುವುದಿಲ್ಲ. ನಡುವಿನ ಉಬ್ಬು ಅದನ್ನು ಮರೆಮಾಡುತ್ತದೆ. ಬಾಗಿದ ಉದ್ದನೆಯ ಹಲಗೆಯೊಂದಿದ್ದರೆ ನಿಮ್ಮ ಶಾಲೆಯ ಅಂಗಳದಲ್ಲಿಯೇ ಸೀಮೆಸುಣ್ಣದ ತುಂಡನ್ನಿಟ್ಟು ಇದನ್ನು ಪರೀಕ್ಷಿಸಬಹುದು.

ಇಂದಿನ ಪ್ರವಾಸಿಯ ಕ್ಯಾಮೆರಾ ಈ ಬಾಗನ್ನು ಹಿಡಿಯುವುದರಲ್ಲಿ ಸ್ಟಿಲ್‌ಮನ್ನನ ಕ್ಯಾಮೆರಾಕ್ಕಿಂತ ಹಿಂದೆ ಬೀಳುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ವಿಶಾಲವಾದ ನೋಟವನ್ನು ಒಮ್ಮೆಗೇ ಒಳಗೊಳ್ಳುವ ಮಸೂರಗಳು ನೇರವಾದ ಗೆರೆಗಳನ್ನೂ ಅಂಚಿನಲ್ಲಿ ತಾವೇ ಬಾಗಿಸಿಬಿಡುವುದುಂಟು. ಆಗ ಚಿತ್ರದಲ್ಲಿ ಕಾಣುವ ಬಾಗು ಇಕ್ಟಿನೋಸನದೋ ಮಸೂರದ್ದೋ ಹೇಳಲಾಗುವುದಿಲ್ಲ. ಇನ್ನೊಂದು ತೊಡಕು ನನಗೇ ಎದುರಾಯಿತು. 2018ರ ಏಪ್ರಿಲ್ ತಿಂಗಳಿನಲ್ಲಿ ಮಗಳೊಡನೆ ಗ್ರೀಸಿಗೆ ಹೋದಾಗ, ಅಷ್ಟು ವರ್ಷಗಳ ಆಸೆ ಕೈಗೂಡಿದ ಉತ್ಸಾಹದಲ್ಲಿ ಕಂಬಗಳ ಬುಡಕ್ಕೇ ಹೋಗಿ ಕ್ಯಾಮೆರಾವನ್ನು ಮೇಲಕ್ಕೆತ್ತಿ ಹತ್ತಾರು ಚಿತ್ರಗಳನ್ನು ತೆಗೆದೆ. ವಸತಿಗೆ ಹಿಂದಿರುಗಿ ನೋಡಿದರೆ ಪ್ರತಿಯೊಂದು ಚಿತ್ರದಲ್ಲೂ ದೇಗುಲ ಹಿಂದಕ್ಕೆ ಮಗುಚುತ್ತಿದೆ! ಕ್ಯಾಮೆರಾದ ಮುಖವನ್ನು ಮೇಲಕ್ಕೆ ವಾಲಿಸಿದಾಗ ಸಮಾನಾಂತರವಾದ ಕಂಬಗಳು ಮೇಲೆ ಮೇಲೆ ಹೋದಂತೆ ಒಂದರ ಕಡೆಗೆ ಒಂದು ಸರಿದು ಕೂಡುವಂತೆ ಕಾಣುತ್ತವೆ. ಹಳಬರ ದೊಡ್ಡ ಕ್ಯಾಮೆರಾಗಳಲ್ಲಿ ಪೆಟ್ಟಿಗೆಯನ್ನು ನೆಟ್ಟಗೆ ಇರಿಸಿ ಮಸೂರವನ್ನು ಮಾತ್ರ ಮೇಲಕ್ಕೆ ಸರಿಸುವ ಏರ್ಪಾಡು ಇರುತ್ತಿತ್ತು. ನಮ್ಮಂಥವರಿಗೆ ಇರುವ ಉಪಾಯ ಒಂದೇ: ಹಿಂದಕ್ಕೆ ನಡೆಯುವುದು. ದೂರ ಹೋದಷ್ಟೂ ಕ್ಯಾಮೆರಾವನ್ನು ಎತ್ತಬೇಕಾದ ಅಗತ್ಯ ಕಡಮೆಯಾಗುತ್ತದೆ.

ಬೆಳಕಿನ ಪಾಠವನ್ನೂ ಅಲ್ಲಿಯೇ ಕಲಿತೆ. ಪಾರ್ಥೆನಾನಿನ ಮುಂಬಾಗಿಲು ಪೂರ್ವಕ್ಕಿದೆ. ಆದರೆ ಮಹಾದ್ವಾರವನ್ನು ದಾಟಿ ಗುಡ್ಡದ ಮೇಲೆ ಬರುವವರಿಗೆ ಮೊದಲು ಕಾಣುವುದು ಪಶ್ಚಿಮದ ಮುಖ. ಬೆಳಿಗ್ಗೆ ಬಂದವನು ಅದನ್ನು ನೆರಳಿನಲ್ಲಿ ಕಾಣುತ್ತಾನೆ. ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲಿದ್ದು ಕಲ್ಲೆಲ್ಲ ಸುಣ್ಣ ಬಳಿದಂತೆ ಕಣ್ಣು ಕುಕ್ಕುತ್ತದೆ. ಪ್ರತಿಯೊಂದು ಕಂಬದ ಮೈಯಲ್ಲಿ ಮೇಲಿಂದ ಕೆಳಕ್ಕೆ 20 ತೋಡುಗೆರೆಗಳಿವೆ. ಬಿಸಿಲು ಪಕ್ಕದಿಂದ ಬಿದ್ದಾಗ ಒಂದೊಂದು ತೋಡಿನ ಒಂದಂಚು ಹೊಳೆದು ಇನ್ನೊಂದಂಚು ನೆರಳಾಗಿ, ಕಂಬ ದುಂಡಾಗಿದೆ ಎಂಬುದು ಆಗ ಕಾಣುತ್ತದೆ. ನನ್ನ ಶಾಲೆಯ ಪುಸ್ತಕದ ಚಿತ್ರದಲ್ಲಿ ಕಂಬಗಳು ಚಪ್ಪಟೆಯಾದ ಪಟ್ಟಿಗಳಂತೆ ಇದ್ದುದೇಕೆಂದು ಆ ಸಂಜೆ ತಿಳಿಯಿತು.

ಬಣ್ಣದ ವಿಷಯವೂ ಹೀಗೆಯೇ. ಪೆಂಟೆಲಿಕಾನ್ ಬೆಟ್ಟದ ಆ ಅಮೃತಶಿಲೆಯಲ್ಲಿ ಕಬ್ಬಿಣದ ಅಂಶವಿರುವುದರಿಂದ ಕಾಲ ಕಳೆದಂತೆ ಅದು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಪ್ರಾಚೀನ ಕಾಲದಲ್ಲಂತೂ ಕಂಬಗಳ ಮೇಲಣ ಭಾಗಗಳಿಗೂ ಶಿಲ್ಪಗಳಿಗೂ ನೀಲಿ, ಕೆಂಪು ಮೊದಲಾದ ಬಣ್ಣಗಳನ್ನು ಹಚ್ಚುತ್ತಿದ್ದರು. ಅವುಗಳ ಕುರುಹು ಇನ್ನೂ ಅಲ್ಲಲ್ಲಿ ದೊರೆಯುತ್ತವೆ. ಬಿಳಿಯ ಗ್ರೀಸ್ ಎಂಬ ಕಲ್ಪನೆ ಕ್ಯಾಮೆರಾಕ್ಕಿಂತ ಹಳೆಯದು, ನಿಜ. ಆದರೆ ನೂರು ವರ್ಷಗಳ ಕಪ್ಪು ಬಿಳುಪಿನ ಛಾಯಾಚಿತ್ರಗಳು ಅದನ್ನು ಜನಮನದಲ್ಲಿ ಭದ್ರಪಡಿಸಿದವು.

ನಾವು ಹೋದ ದಿನ ಪಶ್ಚಿಮದ ಮುಖಕ್ಕೆ ಉಕ್ಕಿನ ಸಾರುವೆ ಕಟ್ಟಿದ್ದರು. ಮಗಳು ಪೆಚ್ಚಾದಳು. “ಅಪ್ಪ, ಈ ಕಡೆ ಬನ್ನಿ. ಇಲ್ಲಿಂದ ತೆಗೆದರೆ ಕಂಬಿಗಳು ಕಾಣುವುದಿಲ್ಲ” ಎಂದು ಕರೆದಳು. ಬಹುಮಂದಿ ಪ್ರವಾಸಿಗಳು ಮಾಡುವುದೂ ಅದನ್ನೇ. ಅವಳು ಹೇಳಿದಲ್ಲಿಂದ ಒಂದು ಚಿತ್ರ ತೆಗೆದು, ಬಳಿಕ ಸಾರುವೆಯ ಎದುರಿಗೇ ಹೋಗಿ ಇನ್ನೊಂದನ್ನು ತೆಗೆದೆ. ಆ ಸಾರುವೆಗೆ ಒಂದು ಕತೆಯಿದೆ. ಬಲಾನೋಸ್ ಎಂಬ ತಂತ್ರಜ್ಞ 1898ರಿಂದ ಮೊದಲ್ಗೊಂಡು ಹಲವು ವರ್ಷಗಳ ಕಾಲ ಇಲ್ಲಿನ ಕಟ್ಟಡಗಳನ್ನು ದುರಸ್ತಿ ಮಾಡಿಸಿದ. ಪ್ರಾಚೀನ ಶಿಲ್ಪಿಗಳು ಕಲ್ಲುಗಳನ್ನು ಬೆಸೆಯುವ ಕಬ್ಬಿಣದ ಕೊಂಡಿಗಳ ಸುತ್ತ ಸೀಸವನ್ನು ಎರೆಯುತ್ತಿದ್ದರು. ಬಲಾನೋಸನ ಕೊಂಡಿಗಳಿಗೆ ಆ ರಕ್ಷಣೆ ಇರಲಿಲ್ಲ. ಅವು ತುಕ್ಕು ಹಿಡಿದು ಉಬ್ಬಿ, ಉಳಿಸಬೇಕಾದ ಕಲ್ಲನ್ನೇ ಸೀಳಿದವು. 1975ರಲ್ಲಿ ಅಕ್ರೋಪೊಲಿಸ್ಸಿನ ರಕ್ಷಣೆಗಾಗಿ ತಜ್ಞರ ಸಮಿತಿಯೊಂದು ರಚಿತವಾಗಿ, ಅಂದಿನಿಂದ ಕೆಲಸ ನಡೆದುಬಂದಿದೆ. ಹಳೆಯ ಕೊಂಡಿಗಳನ್ನು ತೆಗೆದು ತುಕ್ಕು ಹಿಡಿಯದ ಟೈಟಾನಿಯಮ್ ಲೋಹದವನ್ನು ಹಾಕುತ್ತಾರೆ. ಸ್ಥಳ ತಪ್ಪಿದ ಕಲ್ಲುಗಳನ್ನು ಅವುಗಳ ನಿಜವಾದ ಸ್ಥಾನಕ್ಕೆ ಮರಳಿಸುತ್ತಾರೆ. ಕೊರತೆ ಬಿದ್ದಲ್ಲಿ ಅದೇ ಬೆಟ್ಟದ ಹೊಸ ಕಲ್ಲನ್ನು ಕೂಡಿಸುತ್ತಾರೆ. ಹೊಸದು ಬೆಳ್ಳಗೆ, ಹಳೆಯದು ಜೇನುಬಣ್ಣ. ಎರಡರ ನಡುವಣ ಗೆರೆ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅದೇ ಗುಡ್ಡದ ಎರೆಕ್ಥಿಯಾನ್ ಎಂಬ ಆಲಯದಲ್ಲಿ ಕಂಬಗಳಿಗೆ ಬದಲಾಗಿ ಆರು ಮಂದಿ ಕನ್ಯೆಯರ ವಿಗ್ರಹಗಳು ಮಾಡನ್ನು ಹೊತ್ತು ನಿಂತಿವೆ. ಅಥೆನ್ಸಿಗೆ ಬಂದು ಅವುಗಳ ಚಿತ್ರ ತೆಗೆಯದೆ ಹೋಗುವವರು ವಿರಳ. ಆದರೆ 1979ರ ಬಳಿಕ ತೆಗೆದ ಚಿತ್ರಗಳಲ್ಲಿರುವುದು ಮೂಲ ವಿಗ್ರಹಗಳಲ್ಲ, ಅವುಗಳ ಪ್ರತಿಕೃತಿಗಳು. ನಗರದ ಹೊಗೆಯಲ್ಲಿರುವ ಗಂಧಕದ ಅನಿಲಗಳು ಅಮೃತಶಿಲೆಯ ಮೇಲ್ಪದರವನ್ನು ಜಿಪ್ಸಮ್ ಆಗಿ ಮಾರ್ಪಡಿಸುತ್ತವೆ. ಮಳೆ ಅದನ್ನು ತೊಳೆದುಬಿಡುತ್ತದೆ. ಕನ್ಯೆಯರ ಮುಖಗಳು ಹೀಗೆ ಕರಗುತ್ತಿದ್ದುದರಿಂದ ಐವರನ್ನು ಒಳಗೆ ಸಾಗಿಸಿದರು; 2009ರಲ್ಲಿ ತೆರೆದ ಹೊಸ ವಸ್ತುಸಂಗ್ರಹಾಲಯದಲ್ಲಿ ಈಗ ಅವರಿದ್ದಾರೆ. ಆರನೆಯವಳನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೇ ಎಲ್ಗಿನ್ ಪ್ರಭುವಿನ ಜನರು ಲಂಡನ್ನಿಗೆ ಒಯ್ದಿದ್ದರು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅವಳು ಒಂಟಿಯಾಗಿ ನಿಂತಿದ್ದಾಳೆ. ಅಥೆನ್ಸಿನ ಸಂಗ್ರಹಾಲಯದಲ್ಲಿ ಅವಳ ಸ್ಥಳವನ್ನು ಖಾಲಿಯಾಗಿಯೇ ಬಿಟ್ಟಿದ್ದಾರೆ.

ಕಾವಲುಗಾರರ ವಿಷಯದಲ್ಲಿ ಒಂದು ಮಾತು. ಗ್ರೀಸಿನ ಪುರಾತನ ಸ್ಥಳಗಳಲ್ಲಿ ಕೈಯಲ್ಲಿ ಹಿಡಿದ ಕ್ಯಾಮೆರಾಕ್ಕೆ ತಕರಾರಿಲ್ಲ. ಮೂರು ಕಾಲಿನ ನಿಲುವನ್ನು ಬಿಚ್ಚಿದರೆ ಮಾತ್ರ ಅನುಮತಿಪತ್ರ ಕೇಳುತ್ತಾರೆ. ಸಂಗ್ರಹಾಲಯದಲ್ಲಿ ವಿಗ್ರಹದ ಭಂಗಿಯನ್ನು ಅನುಕರಿಸುತ್ತ ಅದರ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳಲು ಹೋದ ತರುಣನೊಬ್ಬನನ್ನು ಕಾವಲಿನ ಹೆಂಗಸು ಗದರಿಸಿ ಕಳಿಸಿದಳು. ನನಗೆ ಅವಳ ಮೇಲೆ ಗೌರವ ಹುಟ್ಟಿತು.

ಅಥೆನ್ಸಿನ ಹೊರಗೆ ನಾವು ಕಂಡುದನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಸೂನಿಯನ್ ಭೂಶಿರದಲ್ಲಿ ಸಮುದ್ರದ ಮೇಲಣ ಬಂಡೆಯಂಚಿನಲ್ಲಿರುವ ಪೊಸೈಡನ್ ದೇವನ ಆಲಯದ ಕಲ್ಲಿನಲ್ಲಿ ಕಬ್ಬಿಣದ ಅಂಶವಿಲ್ಲ. ಆದ್ದರಿಂದ ಅದು ನಿಜವಾಗಿಯೂ ಬೆಳ್ಳಗೆ ಉಳಿದಿದೆ. ಸೂರ್ಯಾಸ್ತದ ವೇಳೆಗೆ ಅಲ್ಲಿ ಕ್ಯಾಮೆರಾಗಳ ಜಾತ್ರೆಯೇ ನೆರೆಯುತ್ತದೆ. ಒಲಿಂಪಿಯಾದಲ್ಲಿ ಭೂಕಂಪಕ್ಕೆ ಉರುಳಿದ ಸ್ಯೂಸ್ ದೇವಾಲಯದ ಕಂಬಗಳು ಬಿದ್ದಲ್ಲಿಯೇ ಮಲಗಿವೆ. ಅವುಗಳ ನಡುವೆ ಒಂದೇ ಒಂದು ಕಂಬ ನಿಂತಿರುವುದನ್ನು ಕಂಡರೆ ಆ ಚಿತ್ರ 2004ರ ಈಚಿನದೆಂದು ತಿಳಿಯಿರಿ. ಅದನ್ನು ಮತ್ತೆ ಜೋಡಿಸಿ ನಿಲ್ಲಿಸಿದ್ದು ಆ ವರ್ಷ.

ಕೊನೆಯಲ್ಲಿ ಬಸ್ಸೈ ಎಂಬಲ್ಲಿಗೆ ಹೋದೆವು. ಪೆಲೊಪೊನೀಸ್ ಪ್ರಾಂತದ ಬೆಟ್ಟಗಳಲ್ಲಿ, ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿ, ಬೂದುಬಣ್ಣದ ಸುಣ್ಣಕಲ್ಲಿನಿಂದ ಕಟ್ಟಿದ ಅಪೊಲೊ ದೇವನ ಆಲಯ ಅಲ್ಲಿದೆ. ಅದೂ ಇಕ್ಟಿನೋಸನದೇ ಕೃತಿಯೆಂದು ಪಾಸೇನಿಯಸ್ ಎಂಬ ಪ್ರಾಚೀನ ಪ್ರವಾಸಿ ಬರೆದಿದ್ದಾನೆ. ಡೊಂಕು ದಾರಿಯಲ್ಲಿ ಗಂಟೆಗಟ್ಟಲೆ ಪಯಣಿಸಿ ತಲುಪಿದಾಗ ನಮಗೆ ಕಂಡದ್ದು ದೇಗುಲವಲ್ಲ, ಒಂದು ದೊಡ್ಡ ಬಿಳಿಯ ಗುಡಾರ. ಹಿಮ, ಮಳೆ, ಗಾಳಿಗಳಿಂದ ಕಲ್ಲು ಹಾಳಾಗುತ್ತಿದ್ದುದರಿಂದ 1987ರಲ್ಲಿ ಇಡೀ ಆಲಯವನ್ನು ಅದರಿಂದ ಹೊದಿಸಿದ್ದಾರೆ. ಒಳಗೆ ಹೋದರೆ ಕಂಬಗಳು ಹತ್ತಿರದಲ್ಲಿ ಒತ್ತಾಗಿ ನಿಂತಿವೆ. ಹಿಂದಕ್ಕೆ ನಡೆಯಲು ಸ್ಥಳವಿಲ್ಲ. ಬಟ್ಟೆಯ ಮೂಲಕ ಸೋಸಿ ಬರುವ ಬೆಳಕಿನಲ್ಲಿ ನೆರಳೇ ಇಲ್ಲ. ಅಲ್ಲಿ ನಾನು ತೆಗೆದ ಚಿತ್ರಗಳಲ್ಲಿ ಒಂದೂ ಚೆನ್ನಾಗಿ ಬರಲಿಲ್ಲ. ಹಿಂದಿರುಗುವ ದಾರಿಯಲ್ಲಿ ಊರೊಂದರ ಅಂಗಡಿಯಲ್ಲಿ ಗುಡಾರ ಬರುವುದಕ್ಕೆ ಹಿಂದಿನ ಒಂದು ಅಂಚೆಕಾರ್ಡು ಸಿಕ್ಕಿತು. ಬೋಳು ಬೆಟ್ಟಗಳ ನಡುವೆ, ಮೋಡ ಕವಿದ ಆಕಾಶದ ಕೆಳಗೆ, ಬೂದುಬಣ್ಣದ ದೇಗುಲ. ಅದನ್ನೂ ಗುಡಾರದೊಳಗೆ ನಾನು ತೆಗೆದ ಮಂಕು ಚಿತ್ರವನ್ನೂ ಆಲ್ಬಮ್ಮಿನ ಒಂದೇ ಪುಟದಲ್ಲಿ ಅಂಟಿಸಿ, ನನ್ನ ಚಿತ್ರದ ಕೆಳಗೆ ತಾರೀಖು ಬರೆದಿದ್ದೇನೆ. ಅಂಚೆಕಾರ್ಡಿನ ಕೆಳಗೆ ‘1987ಕ್ಕೆ ಮೊದಲು’ ಎಂದಷ್ಟೇ ಬರೆದಿದೆ.